ಗೋಡೆ ನಮ್ಮದು, ಬೆಳಕು ಓಣಿಯದು

ಮನೆ ಕಟ್ಟಿಸುವವರು ಬಾಗಿಲ ಚೌಕಟ್ಟಿಗೆ ಯಾವ ಕಟ್ಟಿಗೆ ಹಾಕಿಸಬೇಕೆಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅಡುಗೆಮನೆಯ ಕಲ್ಲಿನ ಬಣ್ಣಕ್ಕಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಹೊರಗಿನ ದೀಪ ನೆನಪಾಗುವುದು ಮಾತ್ರ ಗೃಹಪ್ರವೇಶ ಹತ್ತಿರ ಬಂದಾಗ. ಅಷ್ಟು ಹೊತ್ತಿಗೆ ಗಿಲಾವು ಒಣಗಿ ಬಣ್ಣವೂ ಆಗಿರುತ್ತದೆ. ಗೋಡೆ ಕೊರೆಯಲು ಮನೆಯವರಿಗೂ ಮನಸ್ಸಿಲ್ಲ, ಗೌಂಡಿಗೂ ಇಲ್ಲ. ಕಿಟಕಿಯ ಸಂದಿಯಿಂದ ಎರಡು ಎಳೆಯ ತಂತಿಯೊಂದು ಹೊರಗೆ ಬರುತ್ತದೆ, ಛಜ್ಜಾದ ಅಂಚಿಗೆ ಮೊಳೆ ಬೀಳುತ್ತದೆ, ಐವತ್ತು ವಾಟಿನ ಫ್ಲಡ್‌ಲೈಟ್ ರಸ್ತೆಗೆ ಮುಖ ಮಾಡಿ ನಿಲ್ಲುತ್ತದೆ. "ಸದ್ಯಕ್ಕ ಇರ್ಲಿ ಬಿಡ್ರಿ, ಆಮ್ಯಾಲ ನೋಡೂಣು" ಎಂದು ಕರೆಂಟ್ ಕೆಲಸದವ ಹೇಳುತ್ತಾನೆ. ಆ 'ಸದ್ಯ' ದೀಪ ಸುಟ್ಟುಹೋಗುವ ತನಕ ಮುಂದುವರಿಯುತ್ತದೆ. ದೀಪ ಸುಟ್ಟರೂ ತಂತಿ ಅಲ್ಲೇ ಉಳಿಯುತ್ತದೆ.

ರಾಯಚೂರಿನ ಹೊಸ ಬಡಾವಣೆಗಳಲ್ಲಿ, ದೇವದುರ್ಗ ಮತ್ತು ಮಾನ್ವಿಯ ಹಳೆಯ ಓಣಿಗಳಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಇಂಥ ದೀಪಗಳು ಎಷ್ಟಾದರೂ ಕಾಣುತ್ತವೆ. ಇದಕ್ಕೆ ದುಡ್ಡಿಲ್ಲದಿರುವುದು ಕಾರಣವಲ್ಲ. ಹೊರದೀಪವನ್ನು ನಾವು ಮನೆಯ ಭಾಗವೆಂದು ಎಣಿಸುವುದಿಲ್ಲ, ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಮೇಲಿಂದ ತೂಗುಹಾಕುವ ಒಡವೆ ಎಂದುಕೊಂಡಿದ್ದೇವೆ. ನನ್ನ ತಕರಾರು ಇರುವುದು ಇಲ್ಲಿಯೇ. ಮನೆಯೊಳಗಿನ ದೀಪ ತಪ್ಪಾಗಿ ಕೂತರೆ ಅದರ ತೊಂದರೆ ಮನೆಯವರಿಗಷ್ಟೆ. ಹೊರಗಿನದು ತಪ್ಪಾಗಿ ಕೂತರೆ ಹಾದಿಹೋಕರಿಗೆ, ಎದುರುಮನೆಯವರಿಗೆ, ಗೇಟು ಹಿಡಿದು ಆಡುವ ಹುಡುಗರಿಗೆ, ಗೋಡೆಗೆ ಮೈ ಉಜ್ಜುವ ಎಮ್ಮೆಗೆ ತೊಂದರೆ. ಗೋಡೆ ನಮ್ಮದೇ ಆದರೂ ಬೆಳಕು ಕೆಲಸ ಮಾಡುವುದು ಓಣಿಯಲ್ಲಿ. ಆದ್ದರಿಂದ ಹಾಲ್‌ನ ದೊಡ್ಡ ದೀಪಗುಚ್ಛಕ್ಕಿಂತ ಬಾಗಿಲ ಹೊರಗಿನ ಒಂಬತ್ತು ವಾಟಿನ ಬಲ್ಬಿಗೆ ಹೆಚ್ಚು ಯೋಚನೆ ಸಲ್ಲಬೇಕು.

ಈ ಜಿಲ್ಲೆಯವರಿಗೆ ಬೆಳಕು ಹೊಸತಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಲ್ಲಿನ ಎಂಟು ಘಟಕಗಳ ಸ್ಥಾಪಿತ ಸಾಮರ್ಥ್ಯ 1720 ಮೆಗಾವಾಟ್. ರಾಯಚೂರು ನಗರದ ಮಗ್ಗುಲಲ್ಲೇ ಇರುವ ಯರಮರಸ್‌ನಲ್ಲಿ 800 ಮೆಗಾವಾಟಿನ ಎರಡು ಘಟಕಗಳಿವೆ. ರಾತ್ರಿ ಆ ಕಡೆ ಹಾದುಹೋಗುವವರು ಚಿಮಣಿಗಳ ಮೇಲಿನ ಕೆಂಪು ದೀಪಗಳನ್ನು ನೋಡಿಯೇ ಇರುತ್ತಾರೆ. ಅವು ಆಕಾಶದಲ್ಲಿ ಹಾರುವ ವಿಮಾನಗಳಿಗಾಗಿ ಇರುವ ದೀಪಗಳು. ಎಷ್ಟು ಎತ್ತರದಲ್ಲಿರಬೇಕು, ಯಾವ ಬಣ್ಣ, ಯಾರ ಕಣ್ಣಿಗೆ ಬೀಳಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಮನೆಯ ಮುಂದಿನ ದೀಪಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಇದು ಯಾರಿಗಾಗಿ?

ನಿಜವಾದ ಉತ್ತರ ಬಹಳ ಚಿಕ್ಕದು. ಮೆಟ್ಟಿಲು ಹತ್ತುವವರ ಕಾಲಿಗೆ, ಕೀಲಿ ಹಾಕುವವರ ಕೈಗೆ, ಬಾಗಿಲಲ್ಲಿ ನಿಂತವರ ಮುಖ ನೋಡಬೇಕಾದವರ ಕಣ್ಣಿಗೆ, ಹಿತ್ತಲಲ್ಲಿ ನೀರು ತುಂಬುವಾಗ ಹಾವು ಚೇಳು ಇದ್ದೀತೇ ಎಂದು ನೋಡಿಕೊಳ್ಳುವುದಕ್ಕೆ. ಈ ನಾಲ್ಕರಲ್ಲಿ ಒಂದಕ್ಕೂ ಐವತ್ತು ವಾಟ್ ಬೇಡ. ಎಲ್ಲದಕ್ಕೂ ಬೆಳಕು ಕೆಳಗೆ ಬೀಳಬೇಕು, ಅಷ್ಟೆ. ಹಳೆಯ ಮನೆಗಳಲ್ಲಿ ಬಾಗಿಲ ಪಕ್ಕದ ಗೋಡೆಯಲ್ಲೇ ಗೂಡು ಬಿಟ್ಟು ಕಟ್ಟುತ್ತಿದ್ದರು; ಸಂಜೆ ಪಣತಿ ಇಡುವ ಜಾಗ ಗೋಡೆ ಏಳುವಾಗಲೇ ಗೊತ್ತಿರುತ್ತಿತ್ತು. ಪಣತಿಯ ಕಾಲಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ, ಅದರಿಂದ ಮೆಟ್ಟಿಲೂ ಕಾಣುತ್ತಿರಲಿಲ್ಲ. ದೀಪದ ಜಾಗ ಗೌಂಡಿಯ ಲೆಕ್ಕದಲ್ಲಿತ್ತು ಎನ್ನುವುದಷ್ಟೇ ಮುಖ್ಯ. ಈಗ ಅದು ಯಾರ ಲೆಕ್ಕದಲ್ಲೂ ಇಲ್ಲ.

ಬೆಳಕು ಕೆಳಗೆ ಬೀಳಬೇಕೆನ್ನುವುದಕ್ಕೆ ನಮ್ಮ ಕಡೆ ಇನ್ನೊಂದು ಕಾರಣವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹಗಲಿನ ಬಿಸಿಲು 42 ಡಿಗ್ರಿ ದಾಟುವುದು ಸಾಮಾನ್ಯ. ಸ್ಲ್ಯಾಬಿನ ಕೆಳಗಿನ ಕೋಣೆ ನಡುರಾತ್ರಿಯವರೆಗೂ ಕಾದಿರುತ್ತದೆ. ಅರ್ಧ ಊರು ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತದೆ. ಎದುರುಮನೆಯ ಫ್ಲಡ್‌ಲೈಟ್ ಆಗ ನೇರವಾಗಿ ಮಲಗಿದವರ ಮುಖಕ್ಕೆ ಬೀಳುತ್ತದೆ. ಹೇಳಿದರೆ ಜಗಳ, ಹೇಳದಿದ್ದರೆ ನಿದ್ದೆಯಿಲ್ಲ. ಚಿಕ್ಕಿ ನೋಡುತ್ತ ಮಲಗುವ ಸುಖ ರಾಯಚೂರಿನ ಬೇಸಿಗೆ ಕೊಡುವ ಒಂದೇ ರಿಯಾಯಿತಿ. ಅದನ್ನೂ ಕಸಿದುಕೊಳ್ಳುವ ದೀಪಕ್ಕೆ ಭದ್ರತೆ ಎಂದು ಹೆಸರು.

ಭದ್ರತೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಬೀಗ ಹಾಕಿ ಊರಿಗೆ ಹೋಗುವವರಿಗೆ, ಒಬ್ಬರೇ ಇರುವ ವಯಸ್ಸಾದವರಿಗೆ ಬೆಳಕು ಧೈರ್ಯ ಕೊಡುತ್ತದೆ. ಆದರೆ ಹೆಚ್ಚು ಬೆಳಕು ಎಂದರೆ ಹೆಚ್ಚು ಕಾಣುತ್ತದೆ ಎಂದಲ್ಲ. ಕಣ್ಣಿಗೆ ನೇರ ಕುಕ್ಕುವ ದೀಪದ ಎದುರು ನಮ್ಮ ಪಾಪೆ ಕಿರಿದಾಗುತ್ತದೆ, ದೀಪದ ಆಚೆಯ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಗೇಟಿನ ಪಕ್ಕದ ಮೂಲೆಯಲ್ಲಿ ನಿಂತವನು ಆ ಕಪ್ಪಿನಲ್ಲಿ ಹಾಯಾಗಿರುತ್ತಾನೆ. ಸಿಸಿಟಿವಿಯ ಗತಿಯೂ ಅಷ್ಟೆ. ದೀಪ ಕ್ಯಾಮೆರಾದ ಎದುರಿಗಿದ್ದರೆ ಚಿತ್ರದಲ್ಲಿ ಬಿಳಿ ಮಚ್ಚೆಯೊಂದು ಮಾತ್ರ ಉಳಿಯುತ್ತದೆ. ಒಂದೇ ದೊಡ್ಡ ದೀಪಕ್ಕಿಂತ ಮನೆಯ ಎರಡು ಮೂಲೆಗಳಲ್ಲಿ ಮೇಲ್ಮುಚ್ಚಳವಿರುವ ಎರಡು ಸಣ್ಣ ದೀಪಗಳಿದ್ದರೆ ಒಂದರ ನೆರಳನ್ನು ಇನ್ನೊಂದು ಅಳಿಸುತ್ತದೆ.

ಯಾರಾದರೂ ಬಂದರೆ ತಾನೇ ಹತ್ತುವ ಸೆನ್ಸರ್ ದೀಪ ಇದಕ್ಕೆ ಪರಿಹಾರವೆಂದು ಅಂಗಡಿಯವರು ಹೇಳುತ್ತಾರೆ. ಅರ್ಧ ಸರಿ. ಆ ಸೆನ್ಸರ್ ನೋಡುವುದು ಆಕಾರವನ್ನಲ್ಲ, ಶಾಖದ ವ್ಯತ್ಯಾಸವನ್ನು. ಹಿನ್ನೆಲೆ ತಂಪಾಗಿದ್ದು ಮನುಷ್ಯನ ಮೈ ಬಿಸಿಯಾಗಿದ್ದರೆ ಅದಕ್ಕೆ ಕಾಣುತ್ತದೆ. ಮೇ ತಿಂಗಳ ಸಂಜೆ ಎಂಟು ಗಂಟೆಗೆ ಅಂಗಳದ ಬಂಡೆ, ಕಂಪೌಂಡ್ ಗೋಡೆ ಎಲ್ಲವೂ ಮೈಯಷ್ಟೇ ಕಾದಿರುವ ಊರಿನಲ್ಲಿ ಅದರ ದೃಷ್ಟಿ ಮಂದವಾಗುತ್ತದೆ. ಹತ್ತು ಹೆಜ್ಜೆ ದೂರದಲ್ಲೇ ಗುರುತಿಸಬೇಕಾದದ್ದು ಎರಡು ಹೆಜ್ಜೆ ಹತ್ತಿರ ಬರುವವರೆಗೆ ಸುಮ್ಮನಿರುತ್ತದೆ. ತಂಪು ದೇಶಗಳಿಗೆ ಬರೆದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಹೀಗಾಗುತ್ತದೆ. ಬಾಗಿಲಿಗೆ ಸಣ್ಣ ಸಾದಾ ದೀಪ ಇಡೀ ರಾತ್ರಿ, ಹಿತ್ತಲಿಗೆ ಸೆನ್ಸರ್ ದೀಪ ಎಂದು ಹಂಚಿಕೊಂಡರೆ ನಷ್ಟವಿಲ್ಲ. ಸಾದಾ ದೀಪವನ್ನು ಹೊತ್ತಿಸಿ ಆರಿಸಲು ಗಡಿಯಾರದ ಟೈಮರ್‌ಗಿಂತ ಹಗಲುಬೆಳಕನ್ನು ಗುರುತಿಸುವ ಸ್ವಿಚ್ ಒಳ್ಳೆಯದು. ಜೂನ್‌ನಲ್ಲಿ ಏಳು ಗಂಟೆಯ ಹತ್ತಿರ ಮುಳುಗುವ ಸೂರ್ಯ ನವೆಂಬರ್‌ನಲ್ಲಿ ಆರಕ್ಕಿಂತ ಮೊದಲೇ ಮುಳುಗುತ್ತಾನೆ.

ಬೆಳಕಿನ ಬಣ್ಣದ ಮಾತು ಮಾನ್ವಿಯವರಿಗೆ ಬೇಗ ಅರ್ಥವಾದೀತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಕಡೆ ಪೈರು ಕಾಳು ಕಟ್ಟುವ ಹೊತ್ತಿಗೆ ಸಂಜೆಯ ದೀಪಕ್ಕೆ ಹುಳುಗಳು ಮುತ್ತುತ್ತವೆ. ಕಂದು ಜಿಗಿಹುಳು ಬೆಳಕಿಗೆ ಬರುತ್ತದೆಂದೇ ಹೊಲಗಳಲ್ಲಿ ಬೆಳಕಿನ ಬಲೆ ಇಟ್ಟು ಅದರ ಸಂಖ್ಯೆ ನೋಡುತ್ತಾರೆ. ನೀಲಿ ಛಾಯೆಯ ಬಿಳಿ ಬೆಳಕಿಗೆ ಬರುವಷ್ಟು ಹುಳು ಹಳದಿ ಬೆಳಕಿಗೆ ಬರುವುದಿಲ್ಲ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿ, 6500 ಎಂದಿದ್ದರೆ ಅಪ್ಪಟ ಬಿಳಿ. ಇದು ಬರಿ ಕಿರಿಕಿರಿಯ ಪ್ರಶ್ನೆಯಲ್ಲ. ದೀಪಕ್ಕೆ ಹುಳು ಬಂದರೆ ಹುಳುವಿಗೆ ಕಪ್ಪೆ ಬರುತ್ತದೆ, ಕಪ್ಪೆಗೆ ಹಾವು ಬರುತ್ತದೆ. ಹಾವಿನ ಭಯಕ್ಕೆ ಹಾಕಿದ ಬಿಳಿ ದೀಪ ಹಾವಿಗೆ ಊಟದ ಜಾಗ ತೋರಿಸಿದಂತಾಗುತ್ತದೆ. ದೀಪವನ್ನು ಬಾಗಿಲ ನೆತ್ತಿಯ ಮೇಲೆ ಹಾಕದೆ ನಾಲ್ಕೈದು ಅಡಿ ಪಕ್ಕಕ್ಕೆ ಹಾಕಿದರೂ ಮನೆಯೊಳಗೆ ಬರುವ ಹುಳು ಅರ್ಧಕ್ಕರ್ಧ ಕಡಿಮೆಯಾದಂತೆ ಅನಿಸುತ್ತದೆ.

ಇಷ್ಟರವರೆಗೆ ಹೇಳಿದ್ದು ಸೌಕರ್ಯದ ಮಾತು. ಜೀವದ ಮಾತು ತಂತಿಯಲ್ಲಿದೆ.

ಮನೆಯಲ್ಲಿರುವ ಎಲ್ಲ ದೀಪಗಳಲ್ಲಿ ಅತಿ ಅಪಾಯದ್ದು ಯಾವುದೆಂದು ಕೇಳಿದರೆ ನಾನು ಗೇಟಿನ ಕಂಬದ ಮೇಲಿನ ಗುಂಡು ದೀಪವನ್ನು ತೋರಿಸುತ್ತೇನೆ. ಅದು ಕೈಗೆ ಎಟುಕುತ್ತದೆ, ಮಳೆಗೆ ಪೂರ್ತಿ ತೆರೆದಿರುತ್ತದೆ, ಅದರ ಪಕ್ಕದಲ್ಲೇ ಕಬ್ಬಿಣದ ಗೇಟು. ಅಲ್ಲಿಗೆ ಹೋಗುವ ತಂತಿ ಮನೆ ಕಟ್ಟಿ ಮುಗಿದ ಮೇಲೆ ನೆನಪಾದದ್ದು. ಕಂಪೌಂಡಿನ ಮೇಲೆ ಮಲಗಿಸಿ, ಮೇಲೆ ಒಂದು ಹಿಡಿ ಸಿಮೆಂಟ್ ಮೆತ್ತಿರುತ್ತಾರೆ. ಬಿಸಿಲಿಗೆ ಪಿವಿಸಿ ಗಟ್ಟಿಯಾಗಿ ಸೀಳುತ್ತದೆ. ಗುಂಡಿನೊಳಗೆ ಸೇರಿದ ನೀರು ಹೋಲ್ಡರಿಗೆ ಇಳಿಯುತ್ತದೆ. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದರಂತೂ ದೀಪ ಆರಿದ್ದಾಗಲೂ ಹೋಲ್ಡರಿನಲ್ಲಿ ಕರೆಂಟ್ ನಿಂತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಣುಕುತ್ತಿದ್ದರೆ ಅದಕ್ಕೆ ಇದು ಒಂದು ಕಾರಣವಿರಬಹುದು. ಟೆಸ್ಟರ್ ಹಿಡಿದು ನೋಡಬೇಕಾದ ಸಂಗತಿ ಅದು, ನಕ್ಕು ಬಿಡುವಂಥದ್ದಲ್ಲ.

ಇದಕ್ಕೆ ಉಪಾಯ ಕಷ್ಟದ್ದಲ್ಲ, ಕ್ರಮ ಬದಲಾಗಬೇಕು. ಕಂಪೌಂಡಿನ ಪಾಯ ತೋಡುವಾಗಲೇ ಮನೆಯಿಂದ ಗೇಟಿನವರೆಗೆ ಒಂದು ಪೈಪ್ ಹಾಕಿಸಬೇಕು. ಆಗ ಅದಕ್ಕೆ ಆಗುವ ಖರ್ಚು ಪೈಪಿನದಷ್ಟೆ, ಅಗೆತ ಹೇಗೂ ನಡೆದಿರುತ್ತದೆ. ಆಳ ಎರಡೂವರೆ ಅಡಿ ಇದ್ದರೆ ಮುಂದೆ ಸಸಿ ನೆಡುವವನ ಸಲಿಕೆ ತಾಗುವುದಿಲ್ಲ. ಇಲ್ಲಿನ ಎರೆ ನೆಲದ ಗುಣ ಗೊತ್ತಿರುವವರು ತಂತಿಯನ್ನು ಬಿಗಿಯಾಗಿ ಎಳೆಯುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣು ಪೈಪನ್ನೂ ಎಳೆದಾಡುತ್ತದೆ, ಎರಡು ತುದಿಗಳಲ್ಲಿ ಒಂದಿಷ್ಟು ತಂತಿ ಸುತ್ತಿ ಬಿಟ್ಟಿರಬೇಕು. ತಂತಿ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ್ದು, ಎಳೆ ಮೂರು. ಮೂರನೆಯದು ಅರ್ತಿಂಗ್, ಉಳಿತಾಯಕ್ಕೆಂದು ಮೊದಲು ಬಿಡುವುದು ಅದನ್ನೇ. ಕಬ್ಬಿಣದ ಅಥವಾ ಅಲ್ಯೂಮಿನಿಯಂನ ಮೈಯಿರುವ ಪ್ರತಿ ದೀಪಕ್ಕೂ ಆ ಮೂರನೆಯ ಎಳೆ ತಲುಪಬೇಕು.

ಅರ್ತಿಂಗ್ ಇದ್ದರೂ ಎರೆ ನೆಲದಲ್ಲಿ ಅದು ವರ್ಷವಿಡೀ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ ಸರಳಿನಿಂದ ದೂರ ಸರಿದು ನಿಂತರೆ ಕರೆಂಟಿಗೆ ಭೂಮಿಯ ದಾರಿ ಮುಚ್ಚಿದಂತೆ. ಹಳಬರು ಅರ್ತಿಂಗ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹುಯ್ಯುತ್ತಿದ್ದುದು ಮೂಢನಂಬಿಕೆಯಲ್ಲ. ಕೆಟ್ಟ ಸಂಗತಿ ಎಂದರೆ ವರ್ಷದ ಮೊದಲ ಗುಡುಗು ಮಳೆ ಬೀಳುವುದು ಇದೇ ಏಪ್ರಿಲ್-ಮೇ ತಿಂಗಳಲ್ಲಿ. ಗಾಳಿಗೆ ಅಡ್ಡ ಬೀಸುವ ಹನಿ ದೀಪದೊಳಗೆ ನುಗ್ಗುವ ಸಂಜೆಯೇ ನೆಲ ಅತಿ ಹೆಚ್ಚು ಒಣಗಿರುತ್ತದೆ.

ಹಾಗಾಗಿ ಹೊರದೀಪದ ಸರ್ಕ್ಯೂಟಿಗೆ ಆರು ಆಂಪಿಯರಿನ ಎಂಸಿಬಿ ಸಾಲದು. ಎಂಸಿಬಿ ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲ್‌ನಲ್ಲಿ ಹಿಂದಿರುಗಬೇಕು. 30 ಮಿಲಿ ಆಂಪಿಯರಿನಷ್ಟು ಕಡಿಮೆಯಾದರೂ ಅದು ಬೇರೆ ದಾರಿಯಲ್ಲಿ, ಬಹುಶಃ ಯಾರದೋ ಮೈಯ ಮೂಲಕ, ನೆಲಕ್ಕೆ ಹೋಗುತ್ತಿದೆ ಎಂದರ್ಥ. ಆ ಕ್ಷಣವೇ ಆರ್‌ಸಿಸಿಬಿ ಕರೆಂಟನ್ನು ಕಡಿದುಹಾಕುತ್ತದೆ. ನಮ್ಮ ಮನೆಗಳ ಕಥೆ ಏನೆಂದರೆ ಈ ಉಪಕರಣವನ್ನು ಹಾಕಿಸಿದವರೂ ಎಷ್ಟೋ ಕಡೆ ತೆಗೆಸಿಬಿಟ್ಟಿದ್ದಾರೆ. "ಸುಮ್ಮ ಸುಮ್ಮನ ಬೀಳ್ತದ್ರೀ" ಎಂಬುದು ದೂರು. ಸುಮ್ಮನೆ ಬೀಳುವುದಿಲ್ಲ. ಎಲ್ಲೋ ನೀರು ಹೊಕ್ಕಿರುತ್ತದೆ, ಇಲ್ಲವೇ ಇನ್ವರ್ಟರಿನ ನ್ಯೂಟ್ರಲ್ಲನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜತೆ ಕಲೆಸಿರುತ್ತಾರೆ. ದೋಷ ಹುಡುಕುವುದು ಅರ್ಧ ದಿನದ ಕೆಲಸ, ಉಪಕರಣ ತೆಗೆಯುವುದು ಐದು ನಿಮಿಷದ್ದು. ಎರಡನೆಯದನ್ನು ಒಪ್ಪುವ ಮಾಲೀಕನಿದ್ದಾಗ ಮೊದಲನೆಯದನ್ನು ಯಾವ ಕೆಲಸಗಾರನೂ ಮಾಡುವುದಿಲ್ಲ. ಅವನನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಹೊರದೀಪಗಳಿಗೇ ಒಂದು ಪ್ರತ್ಯೇಕ ಆರ್‌ಸಿಸಿಬಿ ಹಾಕಿದರೆ ಮಳೆಯಲ್ಲಿ ಅದು ಬಿದ್ದರೂ ಮನೆಯೊಳಗೆ ಫ್ಯಾನು ತಿರುಗುತ್ತಿರುತ್ತದೆ, ತೆಗೆಸುವ ಆಸೆಯೂ ಹುಟ್ಟುವುದಿಲ್ಲ.

ಇದೆಲ್ಲ ಕಂಪೌಂಡು ಇರುವ ಮನೆಯವರ ಮಾತಾಯಿತು, ತಗಡಿನ ಮನೆಯವರ ಗತಿಯೇನು ಎಂದು ಕೇಳಬಹುದು. ಕೇಳಲೇಬೇಕು. ಹೊರಗೆ ಒಂದೇ ಬಲ್ಬು ಇರುವ ತಗಡಿನ ಮನೆಯಲ್ಲಿ ಅಪಾಯ ಕಡಿಮೆಯಲ್ಲ, ಹೆಚ್ಚು. ತಗಡಿನ ಅಂಚಿಗೆ ತಾಗಿ ಹೋಗುವ ತಂತಿ ಗಾಳಿಗೆ ಅಲುಗುತ್ತ ಅಲುಗುತ್ತ ಸವೆಯುತ್ತದೆ. ಒಂದು ದಿನ ಇಡೀ ಛಾವಣಿಗೇ ಕರೆಂಟ್ ಬರುತ್ತದೆ, ಒದ್ದೆ ಬಟ್ಟೆ ಹಾಕುವ ತಂತಿಯನ್ನು ಅದೇ ತಗಡಿನ ಕಂಬಕ್ಕೆ ಕಟ್ಟಿರುತ್ತಾರೆ. ಅಲ್ಲಿ ಮಾಡಬೇಕಾದದ್ದು ತಂತಿಯನ್ನು ತಗಡಿಗೆ ತಾಗದಂತೆ ಪೈಪಿನಲ್ಲಿ ಒಯ್ಯುವುದು, ಬಲ್ಬನ್ನು ತಗಡಿನ ಬದಲು ಗೋಡೆಗೆ ಹಾಕುವುದು. ಕಲ್ಲು-ಮಣ್ಣಿನ ಹಳೆಯ ಗೋಡೆಯಾದರೆ ಕಲ್ಲಿನ ನಡುವಿನ ಮಣ್ಣಿನ ಸಂದಿಗೆ ಮೊಳೆ ಹೊಡೆಯಬಾರದು. ಮಳೆ ನೆನೆದರೆ ಮೊಳೆ ಉದುರುತ್ತದೆ, ದೀಪದ ಭಾರವೆಲ್ಲ ತಂತಿಗೆ ಬೀಳುತ್ತದೆ. 2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಇಂಥ ಗೋಡೆಗಳು ಹೇಗೆ ಕುಸಿದವೆಂದು ಈ ಜಿಲ್ಲೆಯ ಹಳ್ಳಿಗಳಿಗೆ ಯಾರೂ ನೆನಪಿಸಬೇಕಿಲ್ಲ. ಕಲ್ಲನ್ನೇ ಕೊರೆದು ಗಟ್ಟಾ ಕೂರಿಸಿ ತಿರುಪು ಬಿಗಿದರೆ ಅದು ಜಗ್ಗುವುದಿಲ್ಲ.

ಇನ್ನೊಂದು ಮಾತು ಹಳೆಯ ಓಣಿಗಳಿಗೆ. ರಸ್ತೆ ಕಿರಿದು, ಮನೆ ಮೇಲೆ ಮನೆ ಏರಿದೆ, ಜೆಸ್ಕಾಂ ಲೈನು ಬಾಲ್ಕನಿಯ ಮುಂದೆಯೇ ಹಾಯುತ್ತದೆ. ಮನೆ ಬಳಕೆಯ ವೋಲ್ಟೇಜಿನ ಲೈನಿಗೂ ಕಟ್ಟಡಕ್ಕೂ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 2.5 ಮೀಟರ್ ಅಂತರ ಇರಬೇಕೆಂಬುದು ದೇಶದ ನಿಯಮ. ನಾಲ್ಕು ಅಡಿ ಎಂದಿಟ್ಟುಕೊಳ್ಳಿ. ಬಾಲ್ಕನಿಯಿಂದ ಕಬ್ಬಿಣದ ತೋಳು ಚಾಚಿ ದೀಪ ತೂಗುಹಾಕಿದಾಗ ಆ ನಾಲ್ಕು ಅಡಿ ಎರಡಾಗುತ್ತದೆ. ದೀಪ ಹಾಕುವ ದಿನ ಏನೂ ಆಗದಿರಬಹುದು. ಕಬ್ಬಿಣದ ಏಣಿ ಹತ್ತಿ ಅದನ್ನು ಒರೆಸುವ ದಿನ ಬೇರೆ. ಲೈನ್ ತೀರ ಹತ್ತಿರವಿದ್ದರೆ 1912 ಸಹಾಯವಾಣಿಗೆ ಹೇಳಿ ಸರಿಪಡಿಸಲು ಕೇಳುವ ಹಕ್ಕು ನಮಗಿದೆ. ಲೈನಿನ ಕಡೆಗೆ ನಾವೇ ಚಾಚಿಕೊಂಡು ಹೋದ ಮೇಲೆ ಆ ದೂರಿಗೆ ಬಲವಿಲ್ಲ.

ದೀಪದ ಡಬ್ಬಿಯ ಮೇಲಿನ ಐಪಿ ಸಂಖ್ಯೆಯನ್ನು ಓದುವವರು ವಿರಳ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ 44 ಎಂದರೆ ಸಿಡಿಯುವ ಹನಿ ತಡೆಯುತ್ತದೆ, ನುಣ್ಣನೆಯ ಧೂಳು ತಡೆಯುವುದಿಲ್ಲ. ಛಜ್ಜಾದ ಒಳಗೆ ಸಾಕು. ಐಪಿ 65 ಧೂಳನ್ನು ಪೂರ್ತಿ, ರಭಸದ ನೀರನ್ನೂ ತಡೆಯುತ್ತದೆ. ಬಯಲಿಗೆ ಅದೇ ಬೇಕು. ಆದರೆ ಐಪಿ 65ರ ದೀಪ ತಂದು ಅದರ ಹಿಂಬದಿಯ ರಬ್ಬರ್ ಬಿಲ್ಲೆಯನ್ನು ಬಿಸಾಕಿ, ತಂತಿಗಳನ್ನು ಗೋಡೆಯ ಹೊರಗೆ ಟೇಪ್ ಸುತ್ತಿ ಜೋಡಿಸಿದರೆ ಕೊಟ್ಟ ದುಡ್ಡು ನೀರುಪಾಲು. ಜೋಡಣೆ ಮುಚ್ಚಿದ ಪೆಟ್ಟಿಗೆಯೊಳಗೇ ಆಗಬೇಕು, ತಂತಿ ಕೆಳಗಿನಿಂದ ಒಳಹೋಗಬೇಕು. ಒಳಹೋಗುವ ಮುನ್ನ ಒಂದಿಷ್ಟು ಜೋತುಬಿದ್ದು ಮೇಲೇರಿದರೆ ತಂತಿಗುಂಟ ಇಳಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಪಡುವಣ ಗೋಡೆಯನ್ನು ಆದಷ್ಟೂ ಬಿಡಬೇಕು. ಎಲ್‌ಇಡಿಯನ್ನು ಕೊಲ್ಲುವುದು ಬಳಕೆಯಲ್ಲ, ಶಾಖ. ಅದರೊಳಗಿನ ಕೆಪಾಸಿಟರಿನ ಆಯುಷ್ಯ ಹತ್ತು ಡಿಗ್ರಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಆ ಕಸುಬಿನವರ ಲೆಕ್ಕ. ಇಡೀ ಮಧ್ಯಾಹ್ನ ಬಿಸಿಲು ಕುಡಿದ ಗೋಡೆಗೆ ಅಂಟಿಸಿದ ದೀಪ ಸಂಜೆ ಹತ್ತುವ ಮೊದಲೇ ದಣಿದಿರುತ್ತದೆ.

ಇಷ್ಟೆಲ್ಲ ಯೋಚಿಸಲು ಕರೆಂಟೇನು ದುಬಾರಿಯೇ, ಗೃಹಜ್ಯೋತಿ ಇದೆಯಲ್ಲ ಎನ್ನುವವರಿದ್ದಾರೆ. 2023ರ ಆಗಸ್ಟಿನಿಂದ ಶೂನ್ಯ ಬಿಲ್ ಬರುತ್ತಿರುವುದು ನಿಜ. ಬಡವರ ಮನೆಯಲ್ಲಿ ಬಾಗಿಲ ದೀಪ ರಾತ್ರಿಯಿಡೀ ಉರಿಯುವಂತಾದದ್ದು ಸಣ್ಣ ಲಾಭವೂ ಅಲ್ಲ. ಆದರೆ ಅದು 200 ಯೂನಿಟ್‌ವರೆಗೆ ಮನಸ್ಸಿಗೆ ಬಂದಷ್ಟು ಉರಿಸುವ ಪರವಾನಗಿಯಲ್ಲ. ಯೋಜನೆ ಶುರುವಾದಾಗ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ 10ರಷ್ಟು ಸೇರಿಸಿ ಪ್ರತಿ ಮನೆಗೂ ಮಿತಿ ಹಾಕಿದ್ದರು. ಆ ಲೆಕ್ಕದಲ್ಲಿ ಸರಾಸರಿ 60 ಯೂನಿಟ್ ಇದ್ದ ಮನೆಗೆ ಉಚಿತ 66. ಐವತ್ತು ವಾಟಿನ ಫ್ಲಡ್‌ಲೈಟ್ ದಿನಕ್ಕೆ ಹನ್ನೆರಡು ತಾಸು ಉರಿದರೆ ತಿಂಗಳಿಗೆ 18 ಯೂನಿಟ್. ಅದೊಂದೇ ದೀಪ ಮಿತಿ ದಾಟಿಸುತ್ತದೆ, ದಾಟಿದ್ದಕ್ಕೆ ಬಿಲ್ ಬರುತ್ತದೆ. ಒಂಬತ್ತು ವಾಟಿನ ಬಲ್ಬು ಅಷ್ಟೇ ಹೊತ್ತು ಉರಿದರೆ ಮೂರೂಕಾಲು ಯೂನಿಟ್. ಇನ್ವರ್ಟರ್ ಇರುವವರು ಈ ಸಣ್ಣ ಬಲ್ಬನ್ನೇ ಅದರ ಲೈನಿಗೆ ಸೇರಿಸಬೇಕು. ಕರೆಂಟ್ ಹೋದ ಕತ್ತಲಲ್ಲೇ ಅಲ್ಲವೇ ಮೆಟ್ಟಿಲು ಕಾಣಬೇಕಾದದ್ದು? ಟಿವಿಗೆ ಇನ್ವರ್ಟರ್ ಕೊಟ್ಟು ಬಾಗಿಲನ್ನು ಕತ್ತಲಲ್ಲಿಟ್ಟ ಮನೆಗಳ ತರ್ಕ ನನಗೆ ಇಂದಿಗೂ ತಿಳಿದಿಲ್ಲ.

ಕೊನೆಗೆ ದೀಪ ಆಯ್ದು ತರುವ ಮಾತು. ಅಂಗಡಿಯಲ್ಲಿ ಚೆಂದ ಕಾಣುವವು ಒಳಗೇ ಎಲ್‌ಇಡಿ ಕೂಡಿಸಿ ಮುಚ್ಚಿದ ದೀಪಗಳು. ಒಂದು ಸಿಡಿಲಿನ ಹೊಡೆತಕ್ಕೆ, ಒಂದು ವೋಲ್ಟೇಜ್ ಏರಿಕೆಗೆ ಅದರ ಡ್ರೈವರ್ ಸತ್ತರೆ ಇಡೀ ದೀಪ ಬಿಸಾಕಬೇಕು. ಅದೇ ಅಳತೆಯ ಇನ್ನೊಂದು ಸಿಗದಿದ್ದರೆ ಗೋಡೆಗೆ ಹೊಸ ತೂತು, ಹಳೆಯ ತೂತಿನೊಳಗೆ ಮಳೆನೀರು. ದೇವದುರ್ಗದ ಗಲ್ಲಿಯ ಅಂಗಡಿಯಲ್ಲೂ ಸಿಗುವಂಥದ್ದು ಸಾದಾ ಪಿನ್ ಹೋಲ್ಡರಿನ ಬಲ್ಬು. ಅದು ಕೂರುವಂಥ, ಮೇಲೆ ಮುಚ್ಚಳ ಕೆಳಗೆ ಗಾಜು ಇರುವ ದೀಪದ ಮನೆಯೊಂದನ್ನು ನೆಲದಿಂದ ಎಂಟಡಿಯೊಳಗೆ ಹಾಕಿಸಿಕೊಂಡರೆ ಬಲ್ಬು ಬದಲಿಸಲು ಏಣಿಯೂ ಬೇಡ, ಯಾರನ್ನೂ ಕರೆಯುವುದೂ ಬೇಡ. ಎಂಸಿಬಿ ಕೆಳಗಿಳಿಸಿ ಒಂದು ಸ್ಟೂಲು ಹತ್ತಿದರಾಯಿತು.